ಉದ್ದ ಒಂದು, ಗಿಡ್ಡ ಎರಡು

ಮಾರ್ಚ್ 9, ಸೋಮವಾರ
ಅಂಗಡಿಯಿಂದ

ಚಿ. ತಂಗಿ ಚಿಮಟಿಗೆ,

ಅಣ್ಣನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಸೊಂಟವನ್ನೂ ನಿನ್ನ ಅತ್ತಿಗೆಯ ಸಿಟ್ಟನ್ನೂ ಬಿಟ್ಟರೆ ಅದು ನಿಜ ಕೂಡ. ನೀನು ಅವಳಿಗೆ ಬರೆದ ಕಾಗದ ಬಂದು ಐದು ತಿಂಗಳಾಯಿತು. ಅದರ ಕೊನೆಯಲ್ಲಿ ‘ಅಣ್ಣನನ್ನೂ ಕೇಳಿದೆ ಅಂತ ಹೇಳಿ’ ಎಂದು ಒಂದು ಸಾಲು ಇತ್ತು. ಆ ಒಂದು ಸಾಲಿಗೆ ಉತ್ತರ ಬರೆಯಲು ನನಗೆ ಐದು ತಿಂಗಳು ಹಿಡಿಯಿತು. ‘ಕೆಲಸದ ಒತ್ತಡ’ ಎಂದು ಬರೆದು ಹೊಡೆದುಹಾಕಿದೆ. ಒತ್ತಡ ಇರುವುದು ನಿಜ, ಕೆಲಸ ಇಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತವೆ.

ನೀನು ಈಗ ಗೋದಾಮಿನಲ್ಲಿ ಪಾರ್ಸಲ್ ಎಣಿಸುವ ಕೆಲಸದಲ್ಲಿದ್ದೀಯಂತೆ. ಅತ್ತಿಗೆ ಅದನ್ನು ಹೇಳುವಾಗ ‘ಎಣಿಸುವ’ ಎಂಬಲ್ಲಿ ತುಸು ನಿಂತು, ನನ್ನ ಮುಖ ನೋಡಿ ಮುಂದೆ ಹೋದಳು.

ಅಂಗಡಿ ಹಾಗೇ ಇದೆ. ನಿನ್ನ ಸ್ಟೂಲಿನ ಮೇಲೆ ಸತ್ತ ಕೀಬೋರ್ಡುಗಳು ಒಂದರ ಮೇಲೊಂದು ಕೂತಿವೆ. ನಲವತ್ತಾರಕ್ಕೇ ನನ್ನ ಕಣ್ಣು ಕೈಕೊಟ್ಟಿದೆ. ಸ್ಕ್ರೂ ಕೆಳಗೆ ಬಿದ್ದರೆ ಹುಡುಕಲು ಹೋಗುವುದಿಲ್ಲ, ಮನಸ್ಸಿನಲ್ಲೇ ಶ್ರದ್ಧಾಂಜಲಿ ಸಲ್ಲಿಸುತ್ತೇನೆ. ಚಿಮಟ ಹಿಡಿದು ನೀನು ಹೆಕ್ಕುತ್ತಿದ್ದ ಹಾಗೆ ಹೆಕ್ಕುವವರು ಯಾರೂ ಸಿಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಮಂಗಳವಾರ ಆಸ್ಪತ್ರೆಯ ನರ್ಸಮ್ಮ ಒಂದು ಲ್ಯಾಪ್‌ಟಾಪ್ ತಂದರು.

“ಆನ್ ಮಾಡಿದ್ರೆ ಕೂಗುತ್ತೆ, ಸ್ಕ್ರೀನು ಕಪ್ಪು. ವಾರ್ಡಲ್ಲಿ ದಿನವಿಡೀ ಮಿಷಿನ್ನು ಕೂಗೋದು ಕೇಳಿ ಕೇಳಿ ಸಾಕಾಗಿದೆ, ಮನೇಲೂ ಇದೇ ಕರ್ಮನಾ? ಸ್ವಲ್ಪ ನೋಡಿ ಸಾರ್.”

ನೋಡಿದೆ. ಅದೇ ಮಾಡೆಲ್ಲು. ಸಂಗೀತದ ಮೇಷ್ಟ್ರು ತಂದಿದ್ದರಲ್ಲ, ಅದೇ. ಗುಂಡಿ ಒತ್ತಿದೆ. ಬೀಈಈಪ್. ಬಿಪ್. ಬಿಪ್. ಉದ್ದ ಒಂದು, ಗಿಡ್ಡ ಎರಡು.

“ನೀವ್ಯಾಕೆ ಬೆವರ್ತಿದೀರಾ? ಕೂಗ್ತಿರೋದು ಲ್ಯಾಪ್‌ಟಾಪು” ಎಂದರು ನರ್ಸಮ್ಮ.

ತಲೆ ಎತ್ತಿದರೆ ಎದುರಿಗೆ ಗೋಡೆ, ಗೋಡೆಯ ಮೇಲೆ ನನ್ನ ಕವಿತ್ವ. ನೆನಪಿದೆಯಲ್ಲ? ಯಾವ ಕೂಗಿಗೆ ಯಾವ ರೋಗ ಎಂದು ಕಂಪನಿಯವರು ಇಂಗ್ಲಿಷಿನಲ್ಲಿ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಪ್ರತಿ ಸಲವೂ ನಿಘಂಟು ಬಿಚ್ಚಿ ಓದುವುದು ಯಾರಿಗೆ ಬೇಕು ಎಂದು ಅದನ್ನೆಲ್ಲ ಪ್ರಾಸಕ್ಕೆ ಇಳಿಸಿದ್ದೆ. ಕಾಲೇಜಿನಲ್ಲಿ ಓದಿದ ಗುರು-ಲಘು ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಕಡೆ. ಕೆಂಪು ಬಣ್ಣದಲ್ಲಿ ಗೋಡೆಗೆ ಬರೆದದ್ದು ನೀನು.

ಒಂದೇ ಕೂಗು, ಸುಮ್ಮನೆ ಸಾಗು.
ಉದ್ದ ಒಂದು, ಗಿಡ್ಡ ಎರಡು, ಚಿಪ್ಪು ಬರಡು.
ಉದ್ದ ಒಂದು, ಗಿಡ್ಡ ಮೂರು, ರ‍್ಯಾಮ್ ತಕರಾರು.

ನೀನು ಈ ಕಸುಬು ಕಲಿತದ್ದೇ ಆ ಗೋಡೆ ಓದಿ. ಮೂರು ವರ್ಷದ ಹಿಂದೆ ಮೇಷ್ಟ್ರ ಲ್ಯಾಪ್‌ಟಾಪು ಕೂಗಿದಾಗಲೂ ನೀನು ಗೋಡೆಯನ್ನೇ ನೋಡಿದೆ. ಎರಡು ಗಿಡ್ಡ, ಅಂದರೆ ಪರದೆಗೆ ಚಿತ್ರ ಕಳಿಸುವ ಚಿಪ್ಪು, ಬಿಸಿಗಾಳಿ ಊದಿ ಅದರ ಬೆಸುಗೆ ಕೂರಿಸಬೇಕು. “ಅಣ್ಣಾ, ಚಿಪ್ಪಿಗೆ ಬಿಸಿಗಾಳಿ ಕೊಡೋಕೆ ಮುಂಚೆ ಒಂದ್ಸಲ ಪುಸ್ತಕ ನೋಡ್ಲಾ?” ಅಂದಿದ್ದೆ. “ಗೋಡೆ ಇರುವಾಗ ಪುಸ್ತಕದ ಗೊಡವೆ ಯಾಕೆ?” ಅಂದೆ ನಾನು. ಗೋಡೆ, ಗೊಡವೆ. ಅದೂ ಚೆನ್ನಾಗಿ ಕೂತಿತು. ನೀನು ಬಿಸಿ ಕೊಟ್ಟೆ, ಬೋರ್ಡು ಸುಟ್ಟಿತು. ಆ ಮಾಡೆಲ್ಲಿನಲ್ಲಿ ಫೈಲುಗಳೆಲ್ಲ ಇರುವುದು ಬೋರ್ಡಿಗೇ ಬೆಸೆದ ಭಾಗದಲ್ಲಿ. ಮೇಷ್ಟ್ರು ಒಂಬತ್ತು ವರ್ಷ ಕೂಡಿಟ್ಟಿದ್ದ ಹಾಡುಗಾರಿಕೆ, ತೀರಿಹೋದ ಇಬ್ಬರು ಶಿಷ್ಯರ ದನಿ ಸಮೇತ, ಒಂದು ಚಿಟಿಕೆ ಹೊಗೆಯಾಗಿ ಹೋಯಿತು.

ಮಾರನೆಯ ವಾರ ಅವರು ಬೇರೆ ಅಂಗಡಿಯಲ್ಲಿ ತೋರಿಸಿಕೊಂಡು ಬಂದರು. “ಬರೀ ರ‍್ಯಾಮ್ ತೊಂದರೆಯಂತಲ್ರೀ. ಬಿಚ್ಚಿ ಒರೆಸಿದ್ರೆ ಸಾಕಿತ್ತಂತೆ” ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅದರ ಮುಂದಿನದು ನಿನಗೆ ನನಗಿಂತ ಚೆನ್ನಾಗಿ ನೆನಪಿದೆ.

ಈಗ ಕೇಳು. ನರ್ಸಮ್ಮನ ಲ್ಯಾಪ್‌ಟಾಪಿಗೆ ಬಿಸಿ ಕೊಡಲು ಕೈ ಬರಲಿಲ್ಲ. ಪುಸ್ತಕ ತೆಗೆದೆ, ಮೂಲೆ ಮಡಚಿದ್ದ ಪುಟ ತಾನಾಗಿಯೇ ತೆರೆದುಕೊಂಡಿತು. ಅದರಲ್ಲಿ ಎರಡು ಗಿಡ್ಡ ಎಂದರೆ ರ‍್ಯಾಮ್, ಮೂರು ಗಿಡ್ಡ ಎಂದರೆ ಚಿಪ್ಪು. ಗೋಡೆಯ ಮೇಲೆ ಅದಲು ಬದಲಾಗಿದೆ. ಎರಡಕ್ಕೆ ಬರಡು, ಮೂರಕ್ಕೆ ತಕರಾರು ಅಷ್ಟು ಚಂದವಾಗಿ ಸಿಕ್ಕಿದ ಮೇಲೆ ಪುಸ್ತಕದಲ್ಲಿ ಏನಿದ್ದರೆ ನನಗೇನು! ರ‍್ಯಾಮ್ ಬಿಚ್ಚಿ, ಅದರ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಹತ್ತು ನಿಮಿಷ. ಒಂದೇ ಕೂಗು, ಸುಮ್ಮನೆ ಸಾಗು.

“ಇಷ್ಟೇನಾ?” ಎಂದರು ನರ್ಸಮ್ಮ.

“ಇಷ್ಟೇ” ಎಂದೆ.

ಮನೆಗೆ ಹೋಗಿ ನಿನ್ನ ಅತ್ತಿಗೆಗೆ ಹೇಳಿದೆ. ತಿರುಗಿಯೂ ನೋಡಲಿಲ್ಲ. “ಇವತ್ತು ಗೊತ್ತಾಯ್ತಾ ನಿಮಗೆ? ಇವತ್ತು?” ಎಂದಳು. ಆಮೇಲೆ ಪಾತ್ರೆಗಳ ಜೊತೆ ಮಾತಾಡುವವಳ ಹಾಗೆ, “ಈ ಮನೇಲಿ ಪ್ರಾಸ ಅವರಿಗೆ, ತ್ರಾಸ ನಮಗೆ” ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳಿಗೆ ನನ್ನಿಂದ ಬಂದ ವಿದ್ಯೆ ಅದೊಂದು.

ಆದ್ದರಿಂದ ಚಿಮಟಿ, ತಪ್ಪು ನಿನ್ನದಲ್ಲ. ತಪ್ಪು ಗೋಡೆಯದು. ಆ ಎರಡು ಸಾಲಿಗೆ ಸುಣ್ಣ ಬಳಿದಿದ್ದೇನೆ. ನಮ್ಮಿಬ್ಬರನ್ನೂ ಅದು ಏಮಾರಿಸಿತು ಎಂದುಕೊಂಡು ಹಳೆಯದನ್ನು ಮರೆತುಬಿಡೋಣ. ಸ್ಟೂಲು ಖಾಲಿ ಮಾಡಿಸುತ್ತೇನೆ, ಬಾ. ಎಣಿಸುವ ಕೆಲಸ ಇಲ್ಲೂ ಇದೆ.

ಆರೋಗ್ಯ ನೋಡಿಕೋ. ಗೋದಾಮಿನ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ, ನಿನಗೆ ಬೇಗ ಕೆಮ್ಮು ಹಿಡಿಯುತ್ತದೆ. ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ, ಕಣ್ಣಿಗೆ ಎಂದೂ ಮಸುಕು ಕವಿಯದಿರಲಿ.

ಇತಿ, ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗೋಡೆಯ ಮೇಲೆ ತಪ್ಪು ಹೊರಿಸಿದ್ದು ಓದಿದರೆ ನೀನು ನಗುತ್ತೀಯ, ಅದೂ ಚೆನ್ನಾಗಿರುವ ನಗೆಯಲ್ಲ.

ನನಗೆ ಗೊತ್ತಾದದ್ದು ಹೋದ ಮಂಗಳವಾರ ಅಲ್ಲ. ಬೋರ್ಡು ಸುಟ್ಟ ದಿನವೇ, ನೀನು ಕೈ ತೊಳೆಯಲು ಹಿಂದೆ ಹೋದಾಗ, ಪುಸ್ತಕ ತೆಗೆದು ನೋಡಿದ್ದೆ. ಆ ಪುಟದ ಮೂಲೆ ಮಡಚಿದವನು ನಾನೇ. ಒಂದು ವಾರ ಅದನ್ನು ಡ್ರಾದಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದೆ. ಮೇಷ್ಟ್ರು ಬಂದು ಕೇಳಿದಾಗ ಅವರಿಗೆ ಗೋಡೆ ತೋರಿಸಿ, “ಅದು ಮೂರು ಸಲ ಕೂಗಿರಬೇಕು ಸಾರ್. ನನ್ನ ತಂಗಿಗೆ ಎಣಿಸೋಕೆ ಬರಲ್ಲ” ಎಂದೆ. ನೀನು ಅಲ್ಲೇ ನಿಂತಿದ್ದೆ. ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದೆ. ಆಮೇಲೆ ಚಿಮಟವನ್ನು ಮೇಜಿನ ಮೇಲೆ ಇಟ್ಟೆ, ಸದ್ದಾಗದ ಹಾಗೆ.

ನಿನ್ನೆ ಮೇಷ್ಟ್ರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕೇಳಿ, “ನನಗೂ ತಾಳದ ಲೆಕ್ಕ ಬರುತ್ತಲ್ರೀ. ಎರಡು ಅಂತ ನನಗೆ ಅವತ್ತೇ ಗೊತ್ತಿತ್ತು. ಆ ಮಗು ಯಾಕೆ ಸುಮ್ಮನಿತ್ತು ಅಂತ ಮಾತ್ರ ಗೊತ್ತಿರಲಿಲ್ಲ” ಎಂದು ಬಾಗಿಲು ಹಾಕಿಕೊಂಡರು.

ಬಾ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ ಎಂದು ಇಲ್ಲಿ ಬರೆದಿದ್ದೇನೆ, ಎರಡೂ ಇರಲಿ.

ಎರಡೇ ಸಲ ಕೂಗಿದ್ದು, ಚಿಮಟಿ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಾನೂ ಎಣಿಸಿದ್ದೆ.