ಭಜನಾ ಮಂದಿರದ ಆಂಪ್

12 ನವೆಂಬರ್, ಬುಧವಾರ

ಬೆನ್ನು ನೋವು. ಅಷ್ಟು ಭಾರದ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಕೂಳೂರಿನಿಂದ ಸ್ಕೂಟರಿನಲ್ಲಿ ತರಬಾರದಿತ್ತು. ಎತ್ತಿ ಒಳಗಿಡುವ ತ್ರಾಣವೂ ಇಲ್ಲ, ಜಗಲಿಯಲ್ಲೇ ಬಿದ್ದಿದೆ.

ಭಜನಾ ಮಂದಿರದವರು ಇಷ್ಟು ವರ್ಷ ಅದರ ಮೇಲೆ ಚಾಪೆ ಪೇರಿಸಿಟ್ಟಿದ್ದರು. ಯಾರೋ ಬಹರೈನಿನಿಂದ ತಂದುಕೊಟ್ಟದ್ದು. ಗಿಟಾರಿನ ಆಂಪ್ ಎಂದು ತಿಳಿಯದೆ ಮೊದಲೆಲ್ಲ ಅದಕ್ಕೇ ಮೈಕ್ ಸಿಕ್ಕಿಸಿ ಹಾಡುತ್ತಿದ್ದರಂತೆ.

"ಅದರಲ್ಲಿ ಎಂತ ಉಂಟು ಮಾರಾಯ, ಸ್ವಲ್ಪ ಮೇಲೆ ಹೋದ್ರೆ ಸ್ವರ ಒಡೀತದೆ. ಬೇಕಾದ್ರೆ ತಕೊಂಡು ಹೋಗು" ಎಂದರು ಮಂದಿರದ ಸೇಸಪ್ಪಣ್ಣ.

ಹೆಗಲಲ್ಲಿದ್ದ ಗಿಟಾರನ್ನು ಅಲ್ಲೇ ಸಿಕ್ಕಿಸಿದೆ. ಒಂದು ಸ್ವರ ಎಳೆದು ಹಿಡಿದರೆ ಅಂಚಿನಲ್ಲಿ ಚೂರು ಒಡೆದು, ಅಳುವ ಹಾಗೆ ನಿಂತೇ ಇತ್ತು. ಮದುವೆ ಆರ್ಕೆಸ್ಟ್ರಾಗಳಲ್ಲಿ ಇಷ್ಟು ಕಾಲ ನುಡಿಸಿದರೂ ಗಿಟಾರಿಗೆ ಬೇಕಾದ ಇಂಥ ಒಡಕು ನಾದ, ಲೀಡ್ ಟೋನ್, ನನಗೆ ಸಿಕ್ಕಿರಲಿಲ್ಲ.

ಖುಷಿಪಡುವ ಮೊದಲೇ ಅಮ್ಮನ ನೆನಪಾಯಿತು. ಅಲ್ಲಿ ಏರುಸ್ವರದಲ್ಲಿ ಹಾಡುತ್ತಿದ್ದವಳು ಅವಳೊಬ್ಬಳೇ. ಈ ಪೆಟ್ಟಿಗೆಯಲ್ಲಿ ತನ್ನ ಸ್ವರ ಕೇಳಿ, ಗಂಟಲು ಹೋಯಿತೆಂದು ಮೈಕ್ ಕೆಳಗಿಟ್ಟವಳು ಮತ್ತೆ ಮುಟ್ಟಲಿಲ್ಲ. ಮಂದಿರಕ್ಕೆ ಹೊಸ ಮೈಕ್ ಸೆಟ್ ಬಂದದ್ದು ಆಮೇಲೆ.

ಮನೆಗೆ ಬಂದಾಗ ಅಮ್ಮ ಬಂಗುಡೆ ತೊಳೆಯುತ್ತಿದ್ದಳು. ಅಂದು ಸ್ವರ ಒಡೆದದ್ದು ಮಂದಿರದ ಆ ಪೆಟ್ಟಿಗೆ, ನಿನ್ನ ಗಂಟಲಲ್ಲ ಎಂದೆ. ಅವಳ ಕೈ ನಿಂತಿತು.

"ಹಾಗಾದ್ರೆ ಆಗ ನನ್ನ ಸ್ವರ ಸರಿ ಇತ್ತಾ ಮಗಾ?"

"ಇತ್ತಮ್ಮ."

ಮತ್ತೆ ಮೀನಿಗೆ ಕೈಹಾಕಿದಳು. ಈಗ ಸ್ವರ ಹೇಗುಂಟು ಎಂದು ಕೇಳಲಿಲ್ಲ. ಅವಳು ಹಾಡಿದ್ದು ನಾನು ಕೇಳಿ ಎಷ್ಟು ವರ್ಷವಾಯಿತೋ.