ಭಾರ ಎತ್ತಿದ್ರಾ ಎಂದು ಕೇಳಿ ಮುಂದಿನ ಹಾಸಿಗೆಗೆ ಹೋದವರ ಮೇಲಧಿಕಾರಿಗಳಿಗೆ

ಮಾನ್ಯರೇ,

ದೊಡ್ಡಾಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಾದ ತಮಗೆ ಪುರುಸೊತ್ತು ಕಡಿಮೆಯೆಂದು ಬಲ್ಲೆ. ಆದ್ದರಿಂದ ಪೀಠಿಕೆ ಬಿಟ್ಟು ದೂರಿಗೇ ಬರುತ್ತೇನೆ. ನಿಮ್ಮ ಹೆರಿಗೆ ವಿಭಾಗದ ವೈದ್ಯೆಯೊಬ್ಬರು ನನ್ನ ಸೊಸೆಗೆ ಒಂದು ಪ್ರಶ್ನೆ ಕೇಳಿದರು. ಉತ್ತರಕ್ಕೆ ಕಾಯದೆ ಮುಂದಿನ ಹಾಸಿಗೆಗೆ ಹೋದರು. ಅವರು ಅದನ್ನು ಅಂದೇ ಮರೆತಿರಬೇಕು. ನಮ್ಮ ಮನೆಯಲ್ಲಿ ಅದು ಇನ್ನೂ ಕೂತಿದೆ, ಎದ್ದು ಹೋಗುವ ಲಕ್ಷಣವಿಲ್ಲ. ಅದರ ದೆಸೆಯಿಂದ ನನ್ನ ಸೊಸೆ ತನಗೆ ತುರ್ತಾಗಿ ಬೇಕಾದ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಿಲ್ಲ, ತಿಂಗಳು ತಿಂಗಳೂ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನಿಮ್ಮವರು ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನನ್ನ ಬೇಡಿಕೆ ಇಷ್ಟೇ.

ಅತ್ತೆಯೊಬ್ಬಳು ಸೊಸೆಯ ಪರವಾಗಿ ಬೀದಿಗಿಳಿದಿದ್ದಾಳೆ ಎಂದರೆ ಲೋಕ ತಲೆಕೆಳಗಾಯಿತೇ ಎಂದು ನೀವು ನಗಬಹುದು. ನಗಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂದಿದೆ. ನನ್ನ ಬಗ್ಗೆ ಇನ್ನೊಂದು ಮಾತು ತಿಳಿದಿರಲಿ. ನಾನು ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ನಲ್ಲಿಯಲ್ಲಿ ಹುಳ ಬಂತೆಂದು ಬರೆದವರಿಗೆ, "ತಮ್ಮ ದೂರನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಘಟನೆಯು ಅಪರೂಪದ್ದೆಂದು ಕಂಡುಬಂದಿರುತ್ತದೆ" ಎಂದು ಸಾವಿರ ಸಲ ಹೊಡೆದ ಬೆರಳುಗಳಿವು. ಹಾಗಾಗಿ ನೀವು ನನಗೆ ಕಳಿಸಿದ ಉತ್ತರ ಓದಿದಾಗ ತವರುಮನೆಗೆ ಬಂದ ಹಾಗಾಯಿತು.

ನಡೆದದ್ದನ್ನು ಹೇಳುತ್ತೇನೆ. ನನ್ನ ಸೊಸೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೇಕಿನ ಮೇಲೆ ಕ್ರೀಮಿನಿಂದ ಹೆಸರು ಬರೆಯುವುದು ಅವಳ ಕೆಲಸ. ಊರಿನ ಎಷ್ಟು ಮಕ್ಕಳ ಹುಟ್ಟುಹಬ್ಬ ಅವಳ ಕೈಯಿಂದ ದಾಟಿ ಹೋಗಿದೆಯೋ ಲೆಕ್ಕವಿಲ್ಲ. ಮದುವೆಯಾದ ಬಹಳ ದಿನಗಳ ಮೇಲೆ ಅವಳು ಬಸಿರಾದಳು. ಕಡಿಮೆ ಮಾತಿನ ನನ್ನ ಮಗ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಾ ಹಾಡು ಗುನುಗುತ್ತಿದ್ದನಂತೆ, ಅಂಗಡಿ ಮಾಲೀಕರು ನನಗೆ ಫೋನ್ ಮಾಡಿ, "ಅಮ್ಮಾ, ನಿಮ್ಮ ಮಗನಿಗೆ ಹುಷಾರಿಲ್ವಾ?" ಎಂದು ಕೇಳಿದರು. ಅಷ್ಟು ಸಂತೋಷವಿತ್ತು ನಮಗೆ. ಮೂರನೇ ತಿಂಗಳಲ್ಲಿ ರಕ್ತ ಕಾಣಿಸಿತು. ನಿಮ್ಮ ಆಸ್ಪತ್ರೆಗೆ ಓಡಿದೆವು. ಮಗುವಿನ ಎದೆಬಡಿತ ನಿಂತಿದೆ, ಗರ್ಭಕೋಶ ಕ್ಲೀನ್ ಮಾಡಬೇಕು ಎಂದರು. ಮಾಡಿದರು. ಅದಕ್ಕೆ ನನ್ನ ತಕರಾರಿಲ್ಲ. ಮಾಡದಿದ್ದರೆ ಅವಳ ಜೀವಕ್ಕೇ ಕುತ್ತಾಗುತ್ತಿತ್ತು ಎಂದು ನನಗೂ ಗೊತ್ತು.

ಮರುದಿನ ಬೆಳಗ್ಗೆ ವೈದ್ಯೆ ಕಿರಿಯ ವೈದ್ಯರ ಹಿಂಡು ಕಟ್ಟಿಕೊಂಡು ಬಂದರು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

"ಏನ್ ಕೆಲಸ ಮಾಡ್ತೀರಮ್ಮಾ?"

"ಬೇಕರೀಲಿ, ಮೇಡಂ."

"ಭಾರ ಏನಾದ್ರೂ ಎತ್ತಿದ್ರಾ?"

ನನ್ನ ಸೊಸೆ ಎದ್ದು ಕೂರಲು ಹೋದಳು. "ಇಲ್ಲ ಮೇಡಂ, ನಾನು ಹೆಸರು ಬರೆಯೋಳು. ಒಂದಿನ ಮಾತ್ರ ಓವನ್ ಹತ್ರ ಜನ ಇರ್ಲಿಲ್ಲ ಅಂತ ಬ್ರೆಡ್ ಟ್ರೇ..." ಎಂದು ಹೇಳುತ್ತಲೇ ಇದ್ದಳು. ವೈದ್ಯೆ ಪಕ್ಕದ ಹಾಸಿಗೆಯ ಹೆಂಗಸಿನ ನಾಡಿ ಹಿಡಿದಾಗಿತ್ತು. ಖಾಲಿ ಜಾಗಕ್ಕೆ ಮುಖ ಮಾಡಿ ಅವಳು ಮಾತು ಮುಗಿಸಿದಳು. ಆಮೇಲೆ ನನ್ನತ್ತ ತಿರುಗಿ, "ಅತ್ತೆ, ಆ ಟ್ರೇನಲ್ಲಿ ಬ್ರೆಡ್ ಜಾಸ್ತಿ ಇತ್ತು" ಎಂದಳು.

ಕೆಲವು ವಾರ ರಕ್ತ ನಿಲ್ಲಲಿಲ್ಲ. ಒಳಗೆ ಚೂರು ಉಳಿದಿದೆ ಎಂದು ಎರಡನೇ ಸಲ ಕ್ಲೀನ್ ಮಾಡಿದರು. ಅದೂ ಬೇಕಿತ್ತೇನೋ, ನಾನು ವೈದ್ಯೆಯಲ್ಲ. ಇದರಿಂದ ಒಳಗೆ ಹೀಗೂ ಆಗಬಹುದು, ಹೀಗಾದರೆ ಕೂಡಲೇ ಬನ್ನಿ ಎಂದು ಒಬ್ಬರಾದರೂ ಹೇಳಿದರೇ? ಸಹಿ ಹಾಕಿಸಿಕೊಂಡ ಹುಡುಗಿ, "ಇದೆಲ್ಲ ಮಾಮೂಲಿ, ಬೇಗ ಹಾಕಿ" ಎಂದಳು. ಮಾಮೂಲಿಯಾದ ಕೆಲಸದಿಂದ ಅಪರೂಪದ ತೊಂದರೆ ಆಗುತ್ತದೆ ಎಂಬುದು ನಮಗೆ ತಿಳಿದದ್ದು, ಆದ ಮೇಲೆ.

ಈಗ ನಿಮ್ಮ ಮರುಪರೀಕ್ಷೆಯ ಸೊಬಗಿಗೆ ಬರೋಣ. ನೀವು ಅಧೀಕ್ಷಕರು, ಆ ಸಾಲಿನಲ್ಲಿ ಎಂದೂ ನಿಂತಿರಲಿಕ್ಕಿಲ್ಲ. ಉದ್ದನೆಯ ಕಾರಿಡಾರ್, ಗೋಡೆಗೆ ಒರಗಿದ ಹೆಂಗಸರು, ಬಾಗಿಲಲ್ಲಿ ಒಬ್ಬರು ಸಿಸ್ಟರ್. ಆಕೆ ಎಲ್ಲರಿಗೂ ಕೇಳಿಸುವಂತೆ ಒಂದೇ ಪ್ರಶ್ನೆ ಕೇಳುತ್ತಾರೆ: "ಬ್ಲೀಡಿಂಗ್ ನಿಂತಿದೆಯಾ?" ನಿಂತವರು ಮನೆಗೆ, ನಿಲ್ಲದವರು ಒಳಗೆ. ಜನ ಜಾಸ್ತಿ, ಡಾಕ್ಟರು ಕಡಿಮೆ, ಯಾರೋ ಬುದ್ಧಿವಂತರು ಈ ಜರಡಿ ಕಂಡುಹಿಡಿದಿದ್ದಾರೆ. ನನ್ನ ಸೊಸೆ ಮೊದಲ ಸಲ "ನಿಂತಿದೆ" ಎಂದಾಗ ಸಿಸ್ಟರ್, "ಗುಡ್, ಹೋಗಮ್ಮ" ಎಂದರು. ನಾವು ಖುಷಿಯಾಗಿ ಬಂದೆವು. ಆಮೇಲೆ ಮುಟ್ಟು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಮಗ ಔಷಧಿ ಅಂಗಡಿಯಿಂದ ಬಸಿರು ಪರೀಕ್ಷೆಯ ಪಟ್ಟಿ ತಂದ. ಬಚ್ಚಲಿನ ಬಾಗಿಲ ಹೊರಗೆ ಮೂವರೂ ಆ ಪಟ್ಟಿಯನ್ನೇ ನೋಡುತ್ತಾ ನಿಂತೆವು. ಒಂದೇ ಗೆರೆ. ಬಸಿರಿಲ್ಲ, ಮುಟ್ಟೂ ಇಲ್ಲ, ಆದರೆ ತಿಂಗಳಿಗೊಮ್ಮೆ ಹೊಟ್ಟೆ ಕಿವುಚುವಂಥ ನೋವು. ಮತ್ತೆ ನಿಮ್ಮ ಸಾಲಿಗೆ ಹೋದೆವು.

"ಬ್ಲೀಡಿಂಗ್ ನಿಂತಿದೆಯಾ?"

"ನಿಂತಿದೆ ಸಿಸ್ಟರ್, ಆದ್ರೆ..."

"ನಿಂತಿದೆಯಲ್ಲ, ಮತ್ತೇನು? ಟೆನ್ಷನ್ ಮಾಡ್ಕೋಬೇಡಿ, ಎಲ್ಲ ಸರಿ ಹೋಗುತ್ತೆ. ನೆಕ್ಸ್ಟ್!"

ರೋಗದ ಲಕ್ಷಣವನ್ನೇ ಆರೋಗ್ಯವೆಂದು ಪಾಸು ಮಾಡಿ ಕಳಿಸುವ ಇಂಥ ಬಾಗಿಲು ಬೇರೆಲ್ಲಾದರೂ ಇದೆಯೇ, ಮಾನ್ಯರೇ? ಸಿಸ್ಟರನ್ನು ನಾನು ಬೈಯುವುದಿಲ್ಲ. ಆಕೆಗೆ ಕಲಿಸಿದ ಪ್ರಶ್ನೆ ಅದೊಂದೇ. "ರಕ್ತ ನಿಂತಿದೆಯಾ" ಎಂದ ಮೇಲೆ "ಮುಟ್ಟು ಮರಳಿ ಬಂತಾ" ಎಂದು ಇನ್ನೊಂದು ಪ್ರಶ್ನೆ ಸೇರಿಸಲು ಯಾವ ಯಂತ್ರ ತರಿಸಬೇಕಿತ್ತು? ಯಾವ ಸಮಿತಿ ಕೂರಬೇಕಿತ್ತು? ನಾನೂ ಆ ಕಾರಿಡಾರಿನಲ್ಲಿ ನಿಂತು, ಸದ್ಯ ನಿಂತಿದೆಯಲ್ಲ ಎಂದು ಸಮಾಧಾನಪಟ್ಟವಳೇ. ನಾನು ಟೈಪಿಸ್ಟ್. ನಿಮ್ಮದು ಆಸ್ಪತ್ರೆ.

ಕೊನೆಗೆ ಊರಿನ ಆ ತುದಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ವೈದ್ಯರೊಬ್ಬರು ಕೂರಿಸಿಕೊಂಡು ಕೇಳಿದರು. ಕಡ್ಡಿಯಷ್ಟು ಸಪೂರ ಕ್ಯಾಮೆರಾದ ನಳಿಕೆಯನ್ನು ಒಳಗೆ ಇಳಿಸಿ ನೋಡಿದರು. ಮೊಣಕೈ ತರಚಿಕೊಂಡಾಗ ಬಟ್ಟೆ ಗಾಯಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆ ಗರ್ಭಕೋಶದ ಎರಡು ಗೋಡೆಗಳೂ ಒಂದಕ್ಕೊಂದು ಅಂಟಿಕೊಂಡಿವೆ ಎಂದರು. ಕೆರೆದು ಕ್ಲೀನ್ ಮಾಡುವಾಗ ಒಳಪದರ ಆಳಕ್ಕೆ ಪೆಟ್ಟು ತಿಂದರೆ, ಅದರಲ್ಲೂ ಸ್ವಲ್ಪ ದಿನದಲ್ಲೇ ಮತ್ತೆ ಕೆರೆದರೆ, ಕೆಲವರಿಗೆ ಹೀಗಾಗುತ್ತದಂತೆ. ಮುಟ್ಟಿನ ರಕ್ತ ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಒಂದು ಮೂಲೆಯಲ್ಲಿ ನಿಂತು ನೋವು ಕೊಡುತ್ತಿದೆ. ಅದೇ ನಳಿಕೆಯ ಮೂಲಕ ಸೂಕ್ಷ್ಮವಾಗಿ ಬಿಡಿಸಬಹುದು, ಮತ್ತೆ ಅಂಟದಂತೆ ಔಷಧ ಕೊಡಬಹುದು. ಆದರೂ ಮತ್ತೆ ಅಂಟಿಕೊಳ್ಳಬಹುದು, ಮಗುವಿನ ಬಗ್ಗೆ ಮಾತು ಕೊಡಲಾರೆ, ನೋವಂತೂ ತಗ್ಗೀತು ಎಂದರು. ಬೇಗ ಬಂದಿದ್ದರೆ ಅಂಟು ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಎಂದೂ ಹೇಳಿದರು. ಬೇಗ ಬಂದಿದ್ದೆವಲ್ಲ, ಸ್ವಾಮಿ! ನಿಮ್ಮ ಬಾಗಿಲಿಗೆ ಬಂದಿದ್ದೆವು.

ಆಗ ನಾನು ನಿಮಗೆ ಬರೆದೆ. "ಸದರಿ ಸ್ಥಿತಿಯು ಅಪರೂಪದ ತೊಡಕಾಗಿದ್ದು, ಚಿಕಿತ್ಸೆಯಲ್ಲಿ ಲೋಪ ಕಂಡುಬಂದಿರುವುದಿಲ್ಲ" ಎಂದು ನಿಮ್ಮ ಉತ್ತರ ಬಂತು. ಅಪರೂಪ ಎಂಬುದನ್ನು ಒಪ್ಪುತ್ತೇನೆ. ನಿಮ್ಮ ವೈದ್ಯೆಯ ಕೈ ಒಳ್ಳೆಯದೇ ಇರಬಹುದು. ಒಳ್ಳೆಯ ಕೈಯಲ್ಲೂ ಹೀಗಾಗುತ್ತದೆ ಎಂದು ಆ ಹಿರಿಯ ವೈದ್ಯರೇ ಹೇಳಿದರು. ಆದರೆ ಅಪರೂಪ ಎನ್ನುವುದು ಎಣಿಸುವವರ ಮಾತು. ಸಾವಿರ ಜನರಲ್ಲಿ ಕೆಲವರಿಗೆ ಎಂದು ನೀವು ಮೇಜಿನ ಮುಂದೆ ಕೂತು ಹೇಳಬಹುದು. ನನ್ನ ಮನೆಯಲ್ಲಿರುವುದು ಒಬ್ಬಳೇ ಸೊಸೆ. ಅವಳಿಗೆ ಆಗಿದೆ, ಪೂರ್ತಿಯಾಗಿ ಆಗಿದೆ. ಅಪರೂಪಕ್ಕೆ ಆಗುವುದನ್ನು ಮೊದಲೇ ಹೇಳಬಾರದು, ಆದ ಮೇಲೆ ನೋಡಬಾರದು, ಅನುಭವಿಸಿದವರು ಕೇಳಿದರೆ ಅಪರೂಪ ಎನ್ನಬೇಕು ಎಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನು ಬಾಗಿಲ ಮೇಲೆ ಬರೆಸಿಬಿಡಿ. ಜನ ಓದಿಕೊಂಡು ಒಳಗೆ ಬರಲಿ.

ಇಷ್ಟಕ್ಕೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹಣೆಬರಹ ಎಂದು ಸುಮ್ಮನಾಗುವ ವಯಸ್ಸು ನನ್ನದು. ಸುಮ್ಮನಿರಲು ಬಿಡದಿರುವುದು ಆ ಪ್ರಶ್ನೆ. ನನ್ನ ಸೊಸೆ ಬೇಕರಿ ಬಿಟ್ಟಿದ್ದಾಳೆ. ಮನೆಯಲ್ಲಿ ತುಂಬಿದ ಬಿಂದಿಗೆ ಮುಟ್ಟುವುದಿಲ್ಲ. ಪಕ್ಕದ ಮನೆಯ ಕೂಸು ತೋಳು ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಗುತ್ತಾಳೆ. ಆಪರೇಷನ್ನಿಗೆ ದಿನ ಗೊತ್ತು ಮಾಡಿದರೆ ಇವಳು ಬರುವುದಿಲ್ಲ ಎಂದು ಹಟ ಹಿಡಿದಳು. ಯಾಕೆ ಎಂದು ಗಂಡ ಕೇಳಿದ, ಹೇಳಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ನಾನೇ ಕೇಳಿದೆ.

"ನೋವು ಹೋಗಬೇಕೋ ಬೇಡವೋ ನಿಂಗೆ?"

"ಹೋದ್ರೆ ಆಮೇಲೆ ಮತ್ತೆ ಬಸಿರಾಗ್ತೀನಿ ಅತ್ತೆ."

"ಆಗ್ಲಿ ಬಿಡು, ಒಳ್ಳೇದೇ ಅಲ್ವಾ?"

"ಮತ್ತೆ ಏನೋ ಎತ್ತಿಬಿಡ್ತೀನಿ. ಗೊತ್ತಿಲ್ದೇನೇ. ಒಂದನ್ನ ಕೊಂದಿದ್ದು ಸಾಕು."

ನಾನು ಸೊಪ್ಪಿನ ತಟ್ಟೆ ಕೆಳಗಿಟ್ಟೆ. ಅವಳ ತರ್ಕ ನೋಡಿ, ಮಾನ್ಯರೇ, ನಿಮ್ಮ ಉತ್ತರಕ್ಕಿಂತ ಗಟ್ಟಿಯಾಗಿದೆ. ಭಾರ ಎತ್ತಿದ್ದರಿಂದ ಮಗು ಹೋಯಿತು, ಮಗು ಹೋದದ್ದರಿಂದ ಕ್ಲೀನ್ ಮಾಡಿದರು, ಕ್ಲೀನ್ ಮಾಡಿದ್ದರಿಂದ ಅಂಟಿತು. ಆದ್ದರಿಂದ ಎಲ್ಲಕ್ಕೂ ಮೂಲ ತಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಕೇಳಿದ್ದೇನೆ. ಇಲ್ಲಿ ಎಮ್ಮೆ ತಾನೇ ಬರೆ ಎಳೆದುಕೊಳ್ಳುತ್ತಿದೆ, ಕಬ್ಬಿಣ ಕಾಯಿಸಿ ಕೊಟ್ಟವರು ರೌಂಡ್ಸ್ ಮುಗಿಸಿ ಹೋಗಿದ್ದಾರೆ.

ಮೊದಮೊದಲ ತಿಂಗಳಲ್ಲಿ ಗರ್ಭ ನಿಲ್ಲದಿರುವುದು ಬಹುಪಾಲು ಗರ್ಭದ್ದೇ ಬೆಳವಣಿಗೆಯ ದೋಷದಿಂದ. ಒಂದು ಟ್ರೇ ಬ್ರೆಡ್ ಎತ್ತಿದ್ದರಿಂದ ಯಾರ ಮಗುವೂ ಹೋಗುವುದಿಲ್ಲ. ಇದನ್ನು ಆ ಹಿರಿಯ ವೈದ್ಯರು ಅವಳ ಕೈ ಹಿಡಿದು ಹೇಳಿದ್ದಾರೆ. "ಅವರು ಆಗ ಇರ್ಲಿಲ್ಲವಲ್ಲ" ಎಂದಳು. ನಾನು ಅತ್ತು, ಬೈದು, ಆಣೆ ಇಟ್ಟು ಹೇಳಿದ್ದೇನೆ. ಅವಳು ನನ್ನ ಕಣ್ಣೊರೆಸಿ, "ನೀವು ಪ್ರೀತಿಗೆ ಹೇಳ್ತೀರಿ ಅತ್ತೆ. ಅವರು ಡಾಕ್ಟ್ರು, ಸುಮ್‌ಸುಮ್ನೆ ಕೇಳ್ತಾರಾ?" ಎಂದಳು. ಸುಮ್ಮಸುಮ್ಮನೆ ಕೇಳುತ್ತಾರೆ ಕಣೇ ಎಂದು ಹೇಗೆ ಹೇಳಲಿ? ಈಗಲೂ ನಿಮ್ಮ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡಿದ್ದಾಳೆ. ಆ ನಂಬಿಕೆಯೇ ಅವಳನ್ನು ತಿನ್ನುತ್ತಿದೆ.

ಹಾಗಾಗಿ ನನಗೆ ಪರಿಹಾರ ಬೇಡ, ವಿಚಾರಣಾ ಸಮಿತಿಯೂ ಬೇಡ. ಯಾರ ಕೆಲಸವನ್ನೂ ಕಿತ್ತುಕೊಳ್ಳಬೇಡಿ. ನಿಮ್ಮ ಬಾಗಿಲಲ್ಲಿ ಆ ಎರಡನೇ ಪ್ರಶ್ನೆಯನ್ನು ನಾಳೆಯಿಂದಲೇ ಸೇರಿಸಿ, ಸಹಿ ಹಾಕಿಸುವ ಮೊದಲು ಅಪರೂಪದ್ದನ್ನೂ ಬಾಯಿಬಿಟ್ಟು ಹೇಳಿಸಿ. ಇದು ಆ ಸಾಲಿನಲ್ಲಿ ಇವತ್ತೂ ನಿಂತಿರುವ ಹೆಣ್ಣುಮಕ್ಕಳಿಗಾಗಿ. ನನ್ನ ಮನೆಗಾಗಿ ಕೇಳುವುದು ಒಂದನ್ನೇ: ಆ ವೈದ್ಯೆಯನ್ನು ಕಳಿಸಿಕೊಡಿ. ಕೋಟು ಹಾಕಿಕೊಂಡೇ ಬರಲಿ, ಇಲ್ಲದಿದ್ದರೆ ಇವಳು ನಂಬುವುದಿಲ್ಲ. ಕ್ಷಮೆ ಕೇಳದಿದ್ದರೂ ನಡೆಯುತ್ತದೆ. "ನಾನು ಹಾಗೆ ಕೇಳಬಾರದಿತ್ತಮ್ಮ, ನಿನ್ನಿಂದ ಏನೂ ಆಗಲಿಲ್ಲ" ಎಂದು ಹೇಳಿ, ಈ ಸಲ ಅವಳು ಉತ್ತರ ಕೊಡುವವರೆಗೆ ಕೂತಿರಲಿ. ಅವಳು ತುಂಬ ಹೊತ್ತು ಅಳಬಹುದು. ನಮ್ಮ ಮನೆಯಲ್ಲಿ ಪಕ್ಕದ ಹಾಸಿಗೆ ಇಲ್ಲ, ವೈದ್ಯೆಗೆ ಹೋಗಲು ಬೇರೆಲ್ಲೂ ಜಾಗವಿರುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದ ಅಪರೂಪದವಳೊಬ್ಬಳ,
ಮಾತು ಸಾಕಾಗದೆ ಹೋದ ಅತ್ತೆ