ರನ್‌ವೇ ಮೇಲೆ ಹುರುಳಿ

21-1-1982, ಗುರುವಾರ

ಏಳಕ್ಕೆ ಗಾಳಿ ದಿಕ್ಕು ತೋರಿಸುವ ಗಾಳಿಚೀಲ ಕಂಬಕ್ಕೆ ಏರಿಸಿದೆ. ರನ್‌ವೇ ಮೇಲೆ ಎಮ್ಮೆ ಮೂರು, ಓಡಿಸಿದೆ. ರಿಜಿಸ್ಟರಿನಲ್ಲಿ ‘ಕ್ಲಿಯರ್’ ಅಂತ ಬರೆದು ಸಹಿ. ಸೋಮವಾರದವರೆಗೆ ವಿಮಾನ ಇಲ್ಲ ಅಂತ ತುಮಕೂರು ಆಫೀಸಿನಿಂದ ಫೋನು. ಆದರೂ ಆಕಾಶ ನೋಡುವುದು ತಪ್ಪುವುದಿಲ್ಲ ನನಗೆ...

ಬೇಲಿ ಆಚೆ ಹೊಲದ ಪುಟ್ಟತಾಯಮ್ಮ ಬಂದಿದ್ದಳು. ಹುರುಳಿ ಕಿತ್ತಿದ್ದಾಳೆ, ಒಣಗಿಸಲು ಕಣ ಇಲ್ಲ. ಗುಬ್ಬಿ ರಸ್ತೆಗೆ ಹರಡಿದರೆ ಲಾರಿಯವರು ಬಯ್ಯುತ್ತಾರಂತೆ. ರನ್‌ವೇ ತುದಿಯಲ್ಲಿ ನಾಳೆ ಒಂದು ದಿನ ಹರಡಲಾ ಅಂದಳು. ಬೇಡ ಅನ್ನಬೇಕಿತ್ತು. ಹೂಂ ಅಂದೆ. ರಾಮಾಂಜಿನಯ್ಯನಿಗೆ ಹೇಳಲಿಲ್ಲ. ಇಲ್ಲಿ ವಾಚ್‌ಮನ್ ಅಂತ ಇರುವುದೇ ನಾವಿಬ್ಬರು. ಅವನು ರೂಲ್ಸಿನ ಮನುಷ್ಯ, ಒಪ್ಪುವುದಿಲ್ಲ.

22-1, ಶುಕ್ರವಾರ, ಸಂಜೆ



ಶುಕ್ರವಾರ ನಾನು ನಮಾಜಿಗೆ ಪೇಟೆಗೆ ಹೋದರೆ ಮಧ್ಯಾಹ್ನದ ರೌಂಡು, ಸಹಿ ಎಲ್ಲಾ ರಾಮಾಂಜಿನಯ್ಯನದು. ಶನಿವಾರ ಅವನು ಹನುಮಂತರಾಯನ ಗುಡಿಗೆ ಹೋದರೆ ನನ್ನದು. ಆರು ವರ್ಷದಿಂದ ಹೀಗೇ. ಆಫೀಸಿಗೆ ಗೊತ್ತಿಲ್ಲ. ಇವತ್ತು ಹೊರಡುವಾಗ, ಆ ತುದಿ ನಾನೇ ನೋಡಿ ಬಂದೆ, ನಿನಗೆ ಮಂಡಿ ನೋವು, ನಡೆಯಬೇಡ ಅಂದೆ. ಹುರುಳಿ ಅವನ ಕಣ್ಣಿಗೆ ಬೀಳಬಾರದು ಅಂತ... ನಂಬಿದ. ಸಹಿ ಹಾಕಿದ.

ಎರಡು ಗಂಟೆಗೆ ಬೆಂಗಳೂರಿನ ಟ್ರೈನಿಂಗ್ ವಿಮಾನ, ಹೇಳದೆ ಕೇಳದೆ ಇಳಿದಿದೆ. ಹುರುಳಿ ಬಳ್ಳಿ ಮೇಲೆ ಚಕ್ರ ಜಾರಿ ಚರಂಡಿಗೆ. ಪೈಲಟ್ ಕೈ ಮುರಿದಿದೆ. ಜೀವಕ್ಕೆ ಏನಿಲ್ಲ, ಅಲ್ಲಾಹನ ದಯೆ. ನಾನು ಬಂದಾಗ ಎಲ್ಲಾ ಮುಗಿದಿತ್ತು. ನಮಾಜಿನ ಟೋಪಿ ತೆಗೆದು ಜೇಬಿಗಿಟ್ಟುಕೊಂಡೆ.

29-1

ನಮಾಜಿಗೆ ಹೋಗಲಿಲ್ಲ. ವಿಚಾರಣೆ ಇತ್ತು. ಸಹಿ ರಾಮಾಂಜಿನಯ್ಯನದು, ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಆಫೀಸರ್ ಚನ್ನವೀರಯ್ಯನವರು ನನ್ನ ಕಡೆ ತಿರುಗಿ ನೀನೆಲ್ಲಿದ್ದೆ ಅಂದರು. ನಾನು ಬಾಯಿ ತೆರೆಯುವ ಮೊದಲೇ ರಾಮಾಂಜಿನಯ್ಯ ಹೇಳಿಬಿಟ್ಟ —

“ಗೇಟ್ ತಾವ ಇದ್ದ ಸಾರ್. ಆ ರೌಂಡು ನಂದೇಯ.”

ಪುಟ್ಟತಾಯಮ್ಮ ಯಾರನ್ನೂ ಕೇಳದೆ ಹರಡಿದೆ ಅಂದಳು. ನನ್ನ ಕಡೆ ನೋಡಲಿಲ್ಲ. ನಾನು ಮೇಜಿನ ಮೇಲಿನ ರಿಜಿಸ್ಟರ್ ನೋಡುತ್ತಾ ನಿಂತೆ.

14-2, ಭಾನುವಾರ

ಹದಿನೈದು ದಿನ ಬರೆಯಲಿಲ್ಲ. ಏನು ಬರೆಯುವುದು.

ಧೈರ್ಯ ಮಾಡಿ ರಾಮಾಂಜಿನಯ್ಯನ ಮನೆಗೆ ಹೋದೆ. ಎಳನೀರು ಕೆತ್ತಿ ಕೊಟ್ಟ. ಅವನ ಹೆಂಡತಿ ದೊಡ್ಡಗಂಗಮ್ಮ, ನೀವಿಬ್ಬರೂ ಎಮ್ಮೆ ಕಾಯಲಿ ಅಂತಲೇ ಗೌರ್ಮೆಂಟು ಆ ಮೈದಾನ ಕಟ್ಟಿಸಿತು ಅಂತ ಹಂಗಿಸಿದಳು. ನಕ್ಕೆವು. ಹೇಳೋಣ ಅಂತ ಬಾಯಿ ತೆರೆದೆ. ಅವನೇ ಶುರು ಮಾಡಿದ.

“ನೀನ್ ನೋಡ್ಕೊಂಡ್ ಹೋದ್ಮೇಲೆ ಆವಮ್ಮ ಹರಡವ್ಳೆ. ನಿಂಗೇನ್ ಗೊತ್ತು ಮನ್ಸೂರ? ಸೋಮಾರಿತನ ನಂದು. ನಿನ್ ಕೆಲ್ಸನಾರ ಉಳೀತಲ್ಲ, ಬುಡು.”

ಎಳನೀರು ಅರ್ಧ ಕುಡಿದು ಇಟ್ಟೆ. ಹೇಳದೆ ಬಂದೆ.

6-3

ಇಷ್ಟು ವರ್ಷ ಇಬ್ಬರೂ ಟೆಂಪರರಿ, ಈಗ ಪರ್ಮನೆಂಟ್ ಆರ್ಡರ್ ಬಂದಿದೆ. ಒಂದೇ ಪೋಸ್ಟು. ನನಗೆ. ರಾಮಾಂಜಿನಯ್ಯ ನನಗಿಂತ ಸೀನಿಯರ್, ಅದು ಅವನಿಗೆ ಬರಬೇಕಿತ್ತು. ಸೋಮವಾರ ಹೋಗಿ ಸಹಿ ಹಾಕಬೇಕು. ಹೆಂಡತಿ ಶರೀಫುನ್ನೀಸಾ ಶಾವಿಗೆ ಪಾಯಸ ಮಾಡಿದಳು. ಯಾಕ್ರೀ ಮುಖ ಹಿಂಗೆ ಅಂದಳು. ಹೊಟ್ಟೆನೋವು ಅಂದೆ.

8-3, ಸೋಮವಾರ, ಹತ್ತೂವರೆ

ತುಮಕೂರು ಆಫೀಸಿನ ವರಾಂಡ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ರಾಮಾಂಜಿನಯ್ಯ. ಅವನ ಲೆಕ್ಕ ಮುಗಿಸಲು ಇವತ್ತೇ ಕರೆಸಿದ್ದಾರೆ. ಯೂನಿಫಾರಂ ಒಗೆದು ಇಸ್ತ್ರಿ ಮಾಡಿಸಿ ತಂದಿದ್ದಾನೆ, ವಾಪಸ್ ಕೊಡಲು. ಏನು ಅಷ್ಟೊಂದು ಬರೀತಿದೀಯ ಅಂತ ಕೇಳಿದ. ಸಹಿ ಹಾಕುವುದು ಬಿಟ್ಟರೆ ಅವನಿಗೆ ಓದು ಬರಹ ಬರುವುದಿಲ್ಲ.

ಹೇಳಿದರೆ ನನ್ನ ಕೆಲಸ ಹೋಗುತ್ತೆ. ನಮಾಜಿನದೂ ಹೊರಗೆ ಬರುತ್ತೆ. ಗೇಟ್ ಹತ್ತಿರ ಇದ್ದ ಅಂತ ಅವನು ಹೇಳಿದ್ದೂ ಸುಳ್ಳಾಗುತ್ತೆ... ಅದಕ್ಕೂ ಅವನನ್ನು ಬಯ್ಯುತ್ತಾರೋ ಏನೋ.

ಜವಾನ ನನ್ನ ಹೆಸರು ಕೂಗಿದ. ಒಬ್ಬನೇ ಹೋದರೆ ಸಹಿ ಹಾಕಿ ಬಂದುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಇವನನ್ನೂ ಒಳಗೆ ಕರೆದುಕೊಂಡು ಹೋಗಬೇಕು. ಮೊದಲ ಮಾತು ಇಲ್ಲಿ ಬರೆದುಕೊಂಡರೆ ನಾಲಿಗೆ ತಡವರಿಸುವುದಿಲ್ಲ —

ಸಾರ್, ಹುರುಳಿ ಹರಡು ಅಂತ ಆ ಅಮ್ಮನಿಗೆ ಹೇಳಿದ್ದು